ಕಾರು ಕೊಳ್ಳುವವನ ಭಾಷೆ ಮ್ಯಾನೇಜರಿಗೆ ಬೇಡವೇ?



ಹೋದ ವಾರ ನನ್ನ ಪ್ರೆಸ್ಸಿಗೆ ಒಂದು ಕೆಲಸ ಬಂತು. ಮುನ್ನೂರು ಆಹ್ವಾನ ಪತ್ರಿಕೆ. ದಪ್ಪ ಆರ್ಟ್ ಕಾರ್ಡು, ನಾಲ್ಕು ಬಣ್ಣ, ಮೇಲೆ ಹೊಳೆಯುವ ಲ್ಯಾಮಿನೇಷನ್ನು. ಬರುವ ತಿಂಗಳು ಶಿವಮೊಗ್ಗದ ಹೋಟೆಲೊಂದರಲ್ಲಿ ಕಾರು ಶೋರೂಮುಗಳ ಮ್ಯಾನೇಜರುಗಳಿಗೆ ಎರಡು ದಿನದ ತರಬೇತಿಯಂತೆ. ಶಿವಮೊಗ್ಗ, ಭದ್ರಾವತಿ, ಸುತ್ತಲಿನ ಊರುಗಳ ಮ್ಯಾನೇಜರುಗಳೆಲ್ಲ ಬರುತ್ತಾರಂತೆ. ಎರಡನೆಯ ದಿನ ಸಂಜೆ ಹೆಂಡತಿ ಮಕ್ಕಳ ಸಮೇತ ಸಂತೋಷಕೂಟ. ಆಟ, ಹಾಡು, ಬಹುಮಾನ, ಊಟ. ಒಳ್ಳೆಯದೇ. ವರ್ಷವಿಡೀ ಟಾರ್ಗೆಟ್ ಎಂಬ ಭೂತವನ್ನು ಹೆಗಲ ಮೇಲೆ ಹೊತ್ತು ತಿರುಗುವವರು ಎರಡು ದಿನ ಕಲಿಯಲಿ, ನಲಿಯಲಿ. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಆ ಕಾರ್ಡಿನ ಮೇಲೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ! ಊರಿನ ಹೆಸರು ಕೂಡ ಹಳೆಯ ಬ್ರಿಟಿಷರ ಕಾಗುಣಿತದಲ್ಲಿದೆ. 2014ರ ನವೆಂಬರ್ 1ರಂದೇ ಸರ್ಕಾರ ಆ ಹೆಸರನ್ನು ಬಿಟ್ಟು 'ಶಿವಮೊಗ್ಗ' ಎಂದು ಮಾಡಿದೆ ಎಂಬುದು ಕಾರ್ಡು ಬರೆದವರಿಗೆ ಇನ್ನೂ ಗೊತ್ತಿಲ್ಲ.

ಪ್ರೂಫ್ ನೋಡಲು ಬಂದವನು ಭದ್ರಾವತಿಯ ಹುಡುಗ. ಶೋರೂಮೊಂದರಲ್ಲಿ ಸಹಾಯಕ ಮ್ಯಾನೇಜರು. ಕೇಳಿದೆ: "ಏನಪ್ಪಾ, ಒಂದು ಸಾಲಾದರೂ ಕನ್ನಡ ಬೇಡವಾ?"

"ಹೆಡ್ ಆಫೀಸಿಂದ ಹೀಗೇ ಬಂದಿದೆ ಅಣ್ಣಾ. ಟ್ರೈನಿಂಗೂ ಇಂಗ್ಲಿಷು, ಹಿಂದೀಲೇ ನಡೆಯೋದು. ನಾವು ತಲೆ ಆಡಿಸ್ತೀವಿ, ಅಷ್ಟೇ."

ತಲೆ ಆಡಿಸ್ತೀವಿ, ಅಷ್ಟೇ! ಈ ಮಾತು ಕೇಳಿ ನನಗೆ ಅವತ್ತು ಊಟ ಸೇರಲಿಲ್ಲ. ಅದಕ್ಕೇ ಈ ವಾರದ ಸಂಪಾದಕೀಯ ಇದರ ಮೇಲೆ.

ಮೊದಲು ಒಂದು ಸರಳ ಪ್ರಶ್ನೆ. ಶಿವಮೊಗ್ಗದ ಬಿ.ಎಚ್. ರಸ್ತೆ, ಸಾಗರ ರಸ್ತೆಗಳ ಗಾಜಿನ ಮನೆಗಳಲ್ಲಿ ನಿಂತಿರುವ ಆ ಕಾರುಗಳನ್ನು ಕೊಳ್ಳುವವರು ಯಾರು? ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ಬೆಳೆಗಾರರು. ಶಿಕಾರಿಪುರ, ಸೊರಬದ ಭತ್ತ, ಜೋಳದ ರೈತರು. ಭದ್ರಾವತಿಯ ನಿವೃತ್ತ ಕಾರ್ಮಿಕರು. ಮೇಷ್ಟ್ರುಗಳು, ನರ್ಸಮ್ಮಂದಿರು, ದಿನಸಿ ಅಂಗಡಿಯವರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಬೈಕಿನಲ್ಲೇ ಸಂಸಾರ ಸಾಗಿಸುತ್ತಿದ್ದವರೂ ಕಾರಿನ ಕನಸು ಕಾಣುವ ಕಾಲ ಬಂತು. ಇವರ ಮನೆಮಾತು ಕನ್ನಡವೋ, ಬ್ಯಾರಿಯೋ, ತಮಿಳೋ, ಉರ್ದುವೋ ಇರಬಹುದು. ಆದರೆ ಇವರೆಲ್ಲ ವ್ಯವಹಾರ ಮಾಡುವ ಭಾಷೆ ಕನ್ನಡ.

ನಮ್ಮ ಅಡಿಕೆ ಮಂಡಿಗೆ ಒಮ್ಮೆ ಹೋಗಿ ನೋಡಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಮಾಲಿನ ಒಂದೊಂದು ದರ್ಜೆಗೂ ಕನ್ನಡದಲ್ಲೇ ಹೆಸರಿದೆ. ಲಕ್ಷಗಟ್ಟಲೆ ರೂಪಾಯಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ, ಒಂದು ಇಂಗ್ಲಿಷ್ ವಾಕ್ಯದ ಹಂಗಿಲ್ಲದೆ. ಅದೇ ರೈತ, ಅದೇ ದುಡ್ಡು ಜೇಬಿನಲ್ಲಿಟ್ಟುಕೊಂಡು ಶೋರೂಮಿನ ಮೆಟ್ಟಿಲು ಹತ್ತಿದ ತಕ್ಷಣ ಮೂಕನಾಗಬೇಕೆ?

ಇನ್ನು ಆ ಎರಡು ದಿನ ಏನು ಕಲಿಸುತ್ತಾರೆ ನೋಡಿ. ಬಂದವರನ್ನು ಬರಮಾಡಿಕೊಳ್ಳುವುದು ಹೇಗೆ, ಅವರ ಅಗತ್ಯ ಕೇಳಿ ತಿಳಿಯುವುದು ಹೇಗೆ, ಬೆಲೆ ವಿವರಿಸುವುದು ಹೇಗೆ, ಸಾಲ-ವಿಮೆ ಹೇಳುವುದು ಹೇಗೆ, ಸಿಟ್ಟಾದ ಗ್ರಾಹಕನನ್ನು ಸಮಾಧಾನ ಮಾಡುವುದು ಹೇಗೆ, ಕೈಕೆಳಗಿನ ಹುಡುಗರನ್ನು ನಡೆಸುವುದು ಹೇಗೆ. ಇದೆಲ್ಲ ಏನು? ಮಾತು! ಶುದ್ಧ ಮಾತಿನ ವಿದ್ಯೆ. ಮಾತಿನ ವಿದ್ಯೆಯನ್ನು ಊರಿನ ಮಾತು ಬಿಟ್ಟು ಕಲಿಸುವುದೆಂದರೆ ಈಜು ಕಲಿಸಲು ತುಂಗೆ ಬಿಟ್ಟು ಮಾಳಿಗೆ ಮೇಲೆ ಮಲಗಿಸಿದ ಹಾಗೆ.

ಗ್ರಾಹಕ-ಮಾರಾಟಗಾರನ ಪಾತ್ರ ಹಾಕಿಸಿ ಅಭಿನಯ ಮಾಡಿಸುವುದೂ ಇಂಥ ತರಬೇತಿಗಳಲ್ಲಿ ಉಂಟು. ಪಾತ್ರಾಭಿನಯವೇ? ನಮ್ಮ ಜಿಲ್ಲೆಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಜಗತ್ತಿನ ನಾಟಕಗಳನ್ನೆಲ್ಲ ಕನ್ನಡದಲ್ಲಿ ಆಡಿ ತೋರಿಸಿತು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶೇಕ್ಸ್‌ಪಿಯರ್ ಮಹಾಶಯ ಹೆಗ್ಗೋಡಿನಲ್ಲಿ ಕನ್ನಡ ಮಾತಾಡಿದ್ದಾನೆ ಸ್ವಾಮಿ! ಒಂದು ಕಾರಿನ ಮೈಲೇಜು, ಕಂತು, ವಾರಂಟಿ ಕನ್ನಡ ಮಾತಾಡಲಾರವೇ?

ಇದು ಬರೀ ಅಭಿಮಾನದ ಮಾತಲ್ಲ, ಜೇಬಿನ ಮಾತು. ನನ್ನದೇ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಾನೂ ಸಾಲದಲ್ಲಿ ಕಾರು ತೆಗೆದುಕೊಂಡೆ. ಯಾವ ಶೋರೂಮು ಎಂಬುದು ಬೇಡ. ಮೇಜಿನ ಮೇಲೆ ಒಂದು ಕಟ್ಟು ಕಾಗದ ಬಂತು. ಪೂರಾ ಇಂಗ್ಲಿಷು, ಇರುವೆ ಸಾಲಿನಂಥ ಅಕ್ಷರ. ಸಹಿ ಹಾಕಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಅಡ್ಡಗೆರೆ. "ಇಲ್ಲಿ ಸಾರ್, ಇಲ್ಲಿ ಸಾರ್, ಇಲ್ಲೊಂದು." ದಿನವೂ ಇನ್ನೊಬ್ಬರ ಕಾಗದದಲ್ಲಿ ಕಾಮಾ, ಒತ್ತಕ್ಷರ ಹುಡುಕುವ ನಾನು, ನನ್ನ ಸಾಲದ ಕಾಗದವನ್ನು ಓದದೆ ಸಹಿ ಹಾಕಿದೆ. ಮೂರು ತಿಂಗಳ ಮೇಲೆ ಗೊತ್ತಾಯಿತು: ನಾನು ಕೇಳದೇ ಇದ್ದ ಒಂದು ವಿಮೆ, ಒಂದು ಸರ್ವಿಸ್ ಯೋಜನೆ ಎರಡೂ ಸಾಲದೊಳಗೆ ಸೇರಿ ಕೂತಿವೆ. ಅದಕ್ಕೂ ಬಡ್ಡಿ ಕಟ್ಟುತ್ತಿದ್ದೇನೆ. ಹೋಗಿ ಕೇಳಿದರೆ ಮ್ಯಾನೇಜರು ನಗುನಗುತ್ತ ಹೇಳಿದರು: "ನೀವೇ ಸೈನ್ ಮಾಡಿದ್ದೀರಲ್ಲ ಸಾರ್."

ಮಾಡಿದ್ದು ನಿಜ. ತಪ್ಪು ನನ್ನದೂ ಹೌದು. ಪಿಯುಸಿ ಓದಿ, ಪ್ರೆಸ್ಸು ನಡೆಸುವ ನನ್ನ ಗತಿಯೇ ಇದಾದರೆ, ನಾಲ್ಕನೇ ಕ್ಲಾಸು ಓದಿದ ನನ್ನ ದೊಡ್ಡಪ್ಪನಂಥವರ ಗತಿ ಏನು?

ಈಗ ಕಾನೂನು ಏನು ಹೇಳುತ್ತದೆ ಕೇಳಿ. ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. ವಾಹನ ಸಾಲ ಕೊಡುವ ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕು ಒಂದು ನ್ಯಾಯಸಮ್ಮತ ನಡವಳಿಕೆಯ ಸಂಹಿತೆ ಕೊಟ್ಟಿದೆ. ಸಾಲಗಾರನೊಂದಿಗಿನ ಎಲ್ಲ ಪತ್ರ ವ್ಯವಹಾರ ಸ್ಥಳೀಯ ಭಾಷೆಯಲ್ಲಿ ಅಥವಾ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ಅದರಲ್ಲಿದೆ. ಸಾಲದು ಎಂಬಂತೆ 2024ರ ಏಪ್ರಿಲ್‌ನಲ್ಲಿ ಇನ್ನೊಂದು ಸುತ್ತೋಲೆ ಬಂತು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೆ, ಅಂದರೆ ಕಾರು ಸಾಲಕ್ಕೂ, 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಮುಖ್ಯ ವಿವರಗಳ ಪಟ್ಟಿ ಕೊಡಲೇಬೇಕು. ಎಲ್ಲ ಖರ್ಚು ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಎಷ್ಟು ಎಂಬುದು ಅದರಲ್ಲಿರಬೇಕು. ಪಟ್ಟಿಯಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ವಸೂಲಿ ಮಾಡುವಂತಿಲ್ಲ. ಆ ಪಟ್ಟಿ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು, ಬಾಯಲ್ಲೂ ವಿವರಿಸಬೇಕು, ಅರ್ಥವಾಯಿತೆಂದು ಅವನಿಂದ ಒಪ್ಪಿಗೆ ಪಡೆಯಬೇಕು.

ಹೇಳಿದವರು ಕನ್ನಡ ಚಳವಳಿಗಾರರಲ್ಲ, ರಿಸರ್ವ್ ಬ್ಯಾಂಕು! ಸಾಲದ ಪಟ್ಟಿ ಕೊಡಬೇಕಾದ ಹೊಣೆ ಸಾಲ ಕೊಡುವವರದು, ಒಪ್ಪುತ್ತೇನೆ. ಆದರೆ ಆ ಕಾಗದಕ್ಕೆ ಸಹಿ ಬೀಳುವುದು ಶೋರೂಮಿನ ಮೇಜಿನ ಮೇಲೆ, ಮ್ಯಾನೇಜರ ಕಣ್ಣ ಮುಂದೆ. ಬರುವ ತಿಂಗಳ ತರಬೇತಿಯಲ್ಲಿ ಇದು ಮೊದಲ ಪಾಠವಾಗಬೇಕು. ಆಗುತ್ತದೆಯೇ?

ಇನ್ನು ಎರಡನೆಯ ನಷ್ಟ, ನಮ್ಮ ಹುಡುಗರದು. ಪ್ರೂಫ್ ತಂದ ಆ ತಮ್ಮನ ಅಪ್ಪ ಎಂಪಿಎಂ ಕಾಗದ ಕಾರ್ಖಾನೆಯಲ್ಲಿದ್ದವರು. ನಮ್ಮಪ್ಪನ ಟ್ರೆಡಲ್ ಮೆಷಿನ್ನಿಗೆ ಭದ್ರಾವತಿಯ ಆ ಕಾಗದವೇ ಬರುತ್ತಿತ್ತು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ, ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು. ಅಪ್ಪಂದಿರ ಕಾರ್ಖಾನೆ ಹೋದ ಮೇಲೆ ಮಕ್ಕಳು ಸುಮಾರು 20 ಕಿಲೋಮೀಟರು ಬಸ್ಸು ಹತ್ತಿ ಶಿವಮೊಗ್ಗದ ಶೋರೂಮುಗಳಿಗೆ, ಮಾಲುಗಳಿಗೆ ಬರುತ್ತಿದ್ದಾರೆ. ನಮ್ಮ ಊರಿನ ಯುವಕರಿಗೆ ಈಗ ಉಳಿದಿರುವ ಏಣಿ ಇದು. ಆ ಏಣಿಯ ಮೇಲಿನ ಮೆಟ್ಟಿಲನ್ನು ಇಂಗ್ಲಿಷಿನಲ್ಲಿ ಮಾಡಿಟ್ಟರೆ?

ತಿಂಗಳಿಗೆ ಎಲ್ಲರಿಗಿಂತ ಹೆಚ್ಚು ಕಾರು ಮಾರುವವನು ಹೊಸನಗರದ ಗೌಡರ ಜೊತೆ ಅಂಗಳದಲ್ಲಿ ಕೂತು ಎಲೆ ಅಡಿಕೆ ಹಾಕಿ ಮಾತಾಡಬಲ್ಲ ಹುಡುಗ. ತರಬೇತಿಯಲ್ಲಿ ಕೊನೆಯ ಸಾಲಿನಲ್ಲಿ ಕೂತು ತಲೆ ಆಡಿಸುವವನೂ ಅವನೇ. ಎದ್ದು ಪ್ರಶ್ನೆ ಕೇಳಲು ನಾಚಿಕೆ. ಸಂಜೆ ಸಂತೋಷಕೂಟದಲ್ಲಿ ಮೇಲಿನವರ ಮೇಜಿನ ಬಳಿ ಹೋಗಿ ಇಂಗ್ಲಿಷಿನಲ್ಲಿ ಹರಟಲು ಬಾಯಿ ಬರುವುದಿಲ್ಲ. ಹೆಂಡತಿಯನ್ನು ಕರೆತಂದರೆ ಅವಳೂ ಮೂಲೆಯಲ್ಲಿ ಸುಮ್ಮನೆ. ಇಂಥ ಕೂಟಗಳಲ್ಲೇ ಅಲ್ಲವೇ ಯಾರು ಚುರುಕು, ಯಾರನ್ನು ಮೇಲೆ ತರಬೇಕು ಎಂಬ ಲೆಕ್ಕ ಆಗುವುದು? ಮಾರುವವನು ನಮ್ಮವನು, ಮೇಲೇರುವವನು ಮಾತಿನ ಮಲ್ಲ. 1983ರಲ್ಲಿ ನೇಮಕವಾದ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಅಂತಿಮ ವರದಿ ಕೊಟ್ಟು ಕನ್ನಡಿಗರಿಗೆ ಉದ್ಯೋಗ ಎಂದಿತು. ಉದ್ಯೋಗ ಸಿಕ್ಕ ಮೇಲೂ ಬಡ್ತಿಯ ಬಾಗಿಲಲ್ಲಿ ಭಾಷೆಯ ಬೀಗ ಹಾಕಿದರೆ ಆ ಉದ್ಯೋಗಕ್ಕೆ ಏನು ಬೆಲೆ?

"ಕನ್ನಡದಲ್ಲಿ ತಾಂತ್ರಿಕ ಪದ ಎಲ್ಲಿದೆ?" ಎಂದು ಮೂಗು ಮುರಿಯುವವರಿಗೆ ಉತ್ತರ: ಕ್ಲಚ್ಚು, ಬ್ರೇಕು, ಗೇರು, ಬ್ಯಾಟರಿ, ಇವೆಲ್ಲ ಕನ್ನಡವಾಗಿ ಎಷ್ಟು ವರ್ಷವಾಯಿತು! ಯಾರೂ ಹೊಸ ಸಂಸ್ಕೃತ ಪದ ಹುಟ್ಟಿಸಿ ಎನ್ನುತ್ತಿಲ್ಲ. ವಾಕ್ಯ ಕನ್ನಡದ್ದಾಗಿರಲಿ, ಸಾಕು. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಬೀಜ, ಗೊಬ್ಬರ, ಔಷಧಿಯ ವಿಜ್ಞಾನವನ್ನು ಮಲೆನಾಡಿನ ರೈತನಿಗೆ ಯಾವ ಭಾಷೆಯಲ್ಲಿ ಹೇಳಿತು?

"ಜಗತ್ತಿನ ಮಟ್ಟದ ತರಬೇತಿ" ಎನ್ನುವವರಿಗೆ ಇನ್ನೊಂದು ಉತ್ತರ: ಜಗತ್ತಿನ ಮಟ್ಟದವರನ್ನೇ ನೋಡಿ. ಜಪಾನಿನವರು ತಮ್ಮ ಕೆಲಸಗಾರರಿಗೆ ಜಪಾನಿಯಲ್ಲಿ ಕಲಿಸಿಯೇ ಟೊಯೊಟ, ಸುಜುಕಿ ಕಟ್ಟಿದರು. ಅವರ 'ಕೈಜೆನ್' ಎಂಬ ಮಾತನ್ನು ಈಗ ಇಂಗ್ಲಿಷಿನವರೇ ಬಾಯಿಪಾಠ ಮಾಡುತ್ತಾರೆ. ಅದೇ ಟೊಯೊಟ 2007ರಲ್ಲಿ ಬಿಡದಿಯಲ್ಲಿ ತಾಂತ್ರಿಕ ತರಬೇತಿ ಶಾಲೆ ತೆರೆದು, ಹತ್ತನೇ ತರಗತಿ ಮುಗಿಸಿದ ಕರ್ನಾಟಕದ ಹಳ್ಳಿ ಹುಡುಗರನ್ನು ಆರಿಸಿಕೊಂಡಿತು. ಹಳ್ಳಿ ಹುಡುಗನ ತಲೆ ಗಟ್ಟಿ ಎಂದು ಹೊರಗಿನವರಿಗೇ ಗೊತ್ತಾಗಿದೆ. ನಮ್ಮ ಊರಿನ ಡೀಲರುಗಳಿಗೆ ಯಾವಾಗ ಗೊತ್ತಾಗುವುದು?

ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಹೆಡ್ ಆಫೀಸಿಗೆ ಪತ್ರ ಬರೆಯಲು ಬೇಕು, ಕಲಿಯಲಿ. ಬೇರೆ ರಾಜ್ಯದಿಂದ ಬಂದ ಮ್ಯಾನೇಜರ ಮೇಲೂ ನಮಗೆ ದ್ವೇಷವಿಲ್ಲ. ಭದ್ರಾವತಿಯ ಕುಲುಮೆಗೆ ತಮಿಳು, ತೆಲುಗು ನಾಡಿನಿಂದ ಬಂದವರು ಕನ್ನಡ ಕಲಿತು ನಮ್ಮವರೇ ಆಗಲಿಲ್ಲವೇ? ಅವರು ಕಲಿತದ್ದನ್ನು ಎಸಿ ಕೋಣೆಯಲ್ಲಿ ಕೂತವರು ಕಲಿಯಲಾರರೇ?

ಆದ್ದರಿಂದ ಡೀಲರುಗಳ ಮುಂದೆ ನಮ್ಮ ಬೇಡಿಕೆ ಇಷ್ಟೇ:

ಒಂದು, ಮ್ಯಾನೇಜರುಗಳ ತರಬೇತಿ ಕನ್ನಡದಲ್ಲಿ ನಡೆಯಲಿ. ಹೊರಗಿನಿಂದ ಬಂದ ತರಬೇತುದಾರರ ಪಕ್ಕ ಕನ್ನಡದಲ್ಲಿ ಹೇಳುವವರು ನಿಲ್ಲಲಿ.

ಎರಡು, ಬೆಲೆಪಟ್ಟಿ ಕನ್ನಡದಲ್ಲಿರಲಿ. ಶೋರೂಮು ದರ ಎಷ್ಟು, ತೆರಿಗೆ ಎಷ್ಟು, ವಿಮೆ ಎಷ್ಟು, ಯಾವುದು ಕಡ್ಡಾಯ, ಯಾವುದು ನಮ್ಮ ಇಷ್ಟ ಎಂದು ಬೇರೆ ಬೇರೆ ಬರೆದಿರಲಿ.

ಮೂರು, ಸಾಲದ ಮುಖ್ಯ ವಿವರಗಳ ಪಟ್ಟಿ ಕನ್ನಡದಲ್ಲಿ ಕೈಗೆ ಬರುವವರೆಗೆ ಸಹಿ ಕೇಳಬಾರದು.

ನಾಲ್ಕು, ಸಂತೋಷಕೂಟದ ನಿರೂಪಣೆ ಕನ್ನಡದಲ್ಲಾಗಲಿ. ಡಿಜೆ ಇರಲಿ, ಸಾಗರದ ಕಡೆಯ ಒಂದು ಡೊಳ್ಳು ತಂಡವೂ ಬರಲಿ. ಮನೆಯ ಹೆಣ್ಣುಮಕ್ಕಳೂ ಬಾಯಿ ತುಂಬ ನಗಲಿ.

ಐದು, ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರ ತಿದ್ದುಪಡಿ ಕಾನೂನು ಹೇಳಿದೆ. ಬೋರ್ಡಿನ ಮೇಲೆ ಬಂದ ಕನ್ನಡ ಬಾಗಿಲು ದಾಟಿ ಮೇಜಿನವರೆಗೂ ಬರಲಿ.

ತಮ್ಮಂದಿರೇ, ತಂಗಿಯರೇ, ನಿಮಗೂ ಒಂದು ಮಾತು. ಕಲ್ಲು ಎತ್ತಬೇಡಿ, ಗಾಜು ಒಡೆಯಬೇಡಿ. ಒಳಗೆ ಕೆಲಸ ಮಾಡುವವನು ನಮ್ಮ ಹುಡುಗನೇ. ಮನೆಯವರು ಕಾರು ಕೊಳ್ಳಲು ಹೊರಟಾಗ ಜೊತೆಗೆ ಹೋಗಿ. ಕನ್ನಡದಲ್ಲೇ ಕೇಳಿ. "ಕನ್ನಡದ ಪಟ್ಟಿ ಕೊಡಿ, ಓದಿ ನಾಳೆ ಸಹಿ ಹಾಕ್ತೀವಿ" ಎನ್ನಿ. ಹತ್ತು ಜನ ಹೀಗೆ ಎದ್ದು ಬಂದರೆ ಹನ್ನೊಂದನೆಯವನಿಗೆ ಪಟ್ಟಿ ತಯಾರಿರುತ್ತದೆ. ನೀವು ಶೋರೂಮಿನಲ್ಲಿ ಕೆಲಸಕ್ಕಿದ್ದರೆ ತರಬೇತಿಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕನ್ನಡದಲ್ಲಿ ಕೇಳಿ. ನಿಮ್ಮ ಪಕ್ಕದವನೂ ಅದಕ್ಕೇ ಕಾಯುತ್ತಿರುತ್ತಾನೆ.

ಕೊನೆಗೆ ನನ್ನ ತಪ್ಪೊಪ್ಪಿಗೆ. ಶೋರೂಮುಗಳ ಇಂಗ್ಲಿಷ್ ಕೊಟೇಶನ್ ಪುಸ್ತಕ, ರಸೀದಿ ಪುಸ್ತಕಗಳನ್ನು ವರ್ಷಗಟ್ಟಲೆ ಅಚ್ಚು ಹಾಕಿ ಹೊಟ್ಟೆ ಹೊರೆದವನು ನಾನೂ. ಒಂದು ದಿನವೂ "ಕನ್ನಡದಲ್ಲಿ ಮಾಡೋಣವೇ?" ಎಂದು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಶಿವಮೊಗ್ಗ, ಭದ್ರಾವತಿಯ ಯಾವ ಶೋರೂಮು ಕನ್ನಡ ಬೆಲೆಪಟ್ಟಿ ಮಾಡಿಸಲು ಮುಂದೆ ಬಂದರೂ ಕಂಪೋಸಿಂಗು ನನ್ನದು, ಮೊದಲ ಐನೂರು ಹಾಳೆಯ ಅಚ್ಚು ಉಚಿತ.

ಆ ಆಹ್ವಾನ ಪತ್ರಿಕೆಯ ಪ್ರೂಫ್ ಇನ್ನೂ ನನ್ನ ಮೇಜಿನ ಮೇಲಿದೆ. ಮೆಷಿನ್ನಿಗೆ ಹೋಗಲು ನಾಲ್ಕು ದಿನ ಬಾಕಿ. ಹೆಡ್ ಆಫೀಸಿಗೆ ಕೇಳಿ ಹೇಳುತ್ತೇನೆಂದು ಆ ತಮ್ಮ ಹೋಗಿದ್ದಾನೆ. ಮೇಲ್ಭಾಗದಲ್ಲಿ ಎರಡು ಸಾಲು ಕನ್ನಡಕ್ಕೆ ಜಾಗ ಬಿಟ್ಟು ಕಾಯುತ್ತಿದ್ದೇನೆ.