ಕಳೆದುಹೋದ ದೀರ್ಘ

ಪುಣೆಯ ನಮ್ಮ ಕನ್ನಡ ಬಳಗದ ಸದಸ್ಯತ್ವದ ಕಾರ್ಡು ಈಗ ಮೊಬೈಲಿನಲ್ಲೇ ಬರುತ್ತದೆ. ಶನಿವಾರ, ಭಾನುವಾರ ಕೂತು ಅದರ ಕೋಡ್ ಬರೆಯುವ ನಾಲ್ಕೈದು ಜನರಲ್ಲಿ ನಾನೂ ಒಬ್ಬ. ಯುಗಾದಿಗೆ ಕಾರ್ಡು ಕಳಿಸಿದ ಮರುದಿನ ಬೆಳಿಗ್ಗೆಯೇ ಹಿರಿಯ ಸದಸ್ಯೆಯೊಬ್ಬರ ಫೋನು: "ತಮ್ಮಾ, ನಾ ಯಾವಾಗ ಗಂಡಸಾದ್ನೋ?"

ಅವರ ಹೆಸರು ಜೋಶಿ ಸುಶೀಲಾ ಎಂದಿಟ್ಟುಕೊಳ್ಳಿ. ಕಾರ್ಡಿನಲ್ಲಿ ಜೋಶಿ ಸುಶೀಲ ಎಂದಾಗಿತ್ತು. ಜಾಗ ಸಾಲದೆಂದು ಹೆಸರನ್ನು ಹತ್ತಕ್ಕೆ ಕತ್ತರಿಸುವ ಸಾಲೊಂದನ್ನು ನಾವೇ ಬರೆದಿದ್ದೆವು. ನಮ್ಮ ಕಣ್ಣಿಗೆ ಆ ಹೆಸರು ಬರೀ ಐದು ಅಕ್ಷರ. ಜಾವಾಸ್ಕ್ರಿಪ್ಟಿಗೆ ಹಾಗಲ್ಲ: ಕಾಗುಣಿತದ ಒಂದೊಂದು ಚಿಹ್ನೆಯೂ ಬೇರೆ ಲೆಕ್ಕ, ನಡುವಿನ ಖಾಲಿ ಜಾಗವೂ ಲೆಕ್ಕ. ಒಟ್ಟು 11. ಹನ್ನೊಂದನೆಯದೇ ಕೊನೆಯ ದೀರ್ಘ.

ತಿದ್ದಿ ಹೊಸ ಕಾರ್ಡು ಕಳಿಸಿದೆವು. ಮುಂದಿನ ತಿಂಗಳು ನಮ್ಮದೇ ಗುಂಪಿನ ಹುಡುಗನೊಬ್ಬ ಬೇರೆ ಫೈಲಿನಲ್ಲಿ ಅದೇ ತಪ್ಪು ಮಾಡಿದ. ಫೋಟೋ ಇಲ್ಲದವರಿಗೆ ಹೆಸರಿನ ಮೊದಲಕ್ಷರ ತೋರಿಸಬೇಕಿತ್ತು. ಗೀತಾಗೆ 'ಗ' ಬಂತು, ಕೃಷ್ಣನಿಗೆ 'ಕ'. ಅವನನ್ನು ಬೈದು ಪ್ರಯೋಜನವಿಲ್ಲ. ಇಂಗ್ಲಿಷ್ ಹೆಸರು ಹಾಕಿ ಪರೀಕ್ಷಿಸಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಹೇಳಿದ್ದು ಯಾರಿಗೆ ನೆನಪಿರುತ್ತದೆ?

ಕಡೆಗೆ ಲಿಂಟ್‌ಗೆ ಮೊರೆ ಹೋದೆ. ಬಟ್ಟೆಗೆ ಅಂಟಿದ ನೂಲಿನ ಜುಂಗಿಗೆ ಇಂಗ್ಲಿಷಿನಲ್ಲಿರುವ ಹೆಸರದು. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲಿ ಸಿ ಭಾಷೆಯ ಕೋಡಿನ ಜುಂಗು ಹೆಕ್ಕಲು ಬರೆದ ಪ್ರೋಗ್ರಾಂಗೆ ಅದನ್ನೇ ಇಟ್ಟರು. ಜಾವಾಸ್ಕ್ರಿಪ್ಟಿಗೆ ಇರುವುದು ಇಎಸ್‌ಲಿಂಟ್. ಅದಕ್ಕೆ ನಮ್ಮದೇ ನಿಯಮದ ಪ್ಲಗಿನ್ ಸೇರಿಸಬಹುದು. ಎನ್‌ಪಿಎಂಗೆ ಏರಿಸಲೇಬೇಕೆಂದಿಲ್ಲ, ಪ್ರಾಜೆಕ್ಟಿನ ಒಂದು ಫೋಲ್ಡರಿನಲ್ಲಿಟ್ಟು ಕಾನ್ಫಿಗ್ ಫೈಲಿನಲ್ಲಿ ಹೆಸರಿಸಿದರೆ ಸಾಕು. ಇಎಸ್‌ಲಿಂಟ್ ಕೋಡನ್ನು ಮರದಂತೆ ಬಿಡಿಸಿಕೊಂಡು ಕೊಂಬೆ ಕೊಂಬೆ ಹತ್ತುತ್ತದೆ. ಫಂಕ್ಷನ್ ಕರೆ ಸಿಕ್ಕಾಗಲೆಲ್ಲ ನಮ್ಮನ್ನು ಕೇಳುತ್ತದೆ. ಅದು ಸ್ಲೈಸ್, ಸಬ್‌ಸ್ಟ್ರಿಂಗ್ ಅಥವಾ ಚಾರ್‌ಆಟ್ ಆಗಿದ್ದರೆ ನಾವು ದೂರು ಕೊಡುವುದು.

ಮೊದಲ ದಿನ ಪರದೆ ತುಂಬ ಕೆಂಪು! ಸ್ಲೈಸ್ ಪಟ್ಟಿಗಳನ್ನೂ ಕತ್ತರಿಸುತ್ತದೆ. ಯಾವುದು ಪಟ್ಟಿ, ಯಾವುದು ಪಠ್ಯ ಎಂದು ಬರೀ ಇಎಸ್‌ಲಿಂಟ್‌ಗೆ ತಿಳಿಯದು. ವೇರಿಯಬಲ್ಲಿನಲ್ಲಿ 'ನೇಮ್' ಎಂದಿದ್ದರೆ ಮಾತ್ರ ಹಿಡಿ ಎಂದೆ. ಅರೆಬರೆ ಉಪಾಯವೇ, ಒಪ್ಪುತ್ತೇನೆ.

ಹಿಡಿದ ಮೇಲೆ ದಾರಿಯನ್ನೂ ತೋರಿಸಬೇಕಲ್ಲ. ಜಾವಾಸ್ಕ್ರಿಪ್ಟಿನಲ್ಲೇ ಇರುವ ಇಂಟ್ಲ್ ಸೆಗ್ಮೆಂಟರ್ 'ಗೀ', 'ಕೃ' ಎಂದು ಸರಿಯಾಗಿ ಬಿಡಿಸಿತು. ಆದರೆ ನನ್ನ ಬ್ರೌಸರಿನಲ್ಲಿ ಶ್ರೀಧರನಿಗೆ ಸಿಕ್ಕಿದ್ದು ಬರೀ 'ಶ್'. ಒತ್ತಕ್ಷರ ಅದಕ್ಕೆ ದಕ್ಕಲಿಲ್ಲ. ತುಂಡಿನ ಕೊನೆಯಲ್ಲಿ ವಿರಾಮ ಚಿಹ್ನೆಯಿದ್ದು, ಮುಂದೆ ವ್ಯಂಜನ ಬಂದರೆ ಎರಡನ್ನೂ ಕೂಡಿಸುವ ಸಣ್ಣ ಫಂಕ್ಷನ್ ಬರೆದೆ. ವ್ಯಂಜನವೇ ಏಕೆಂದರೆ, ಇಲ್ಲವಾದರೆ ಕಾಮತ್ ಅವರ 'ತ್' ಪಕ್ಕದ ಖಾಲಿ ಜಾಗವನ್ನೂ ಎಳೆದುಕೊಳ್ಳುತ್ತದೆ. ದೂರಿನ ಸಂದೇಶ ಆ ಫಂಕ್ಷನ್ನಿನ ಹೆಸರನ್ನೇ ಹೇಳುತ್ತದೆ, ಅದೂ ಕನ್ನಡದಲ್ಲಿ.

ಮೊನ್ನೆ ರಾತ್ರಿ ಅದೇ ಹುಡುಗನ ಫೋನು. "ಅಣ್ಣಾ, ನಿಮ್ಮ ಪ್ಲಗಿನ್ ನನಗ ಕನ್ನಡದಾಗ ಬೈಯಾಕತ್ತೈತಿ."

"ಏನಂತ?"

ಓದಿದ. ನಡುವೆ ತಡೆದು, "ಇದರಾಗ ಒಂದು ಕಾಗುಣಿತ ತಪ್ಪೈತಿ" ಎಂದ.