ಗೂಡು ಗುಡಿಸೋರು ಯಾರು ಸ್ವಾಮಿ?

ಎರಡು ವಾರದ ಹಿಂದೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಉಡಿಗಾಲ, ಚಾಮರಾಜನಗರದ ಕಡೆ. ಅವ್ವ ಹಿತ್ತಲಲ್ಲಿ ಒಂದು ಕೆಂಪು ಹೇಂಟೆಯನ್ನು ಮಡಿಲಲ್ಲಿ ಇಟ್ಕೊಂಡು ಕೂತಿದ್ದಳು. ರಾತ್ರಿ ನಾಯಿ ಬಾಯಿ ಹಾಕಿತ್ತಂತೆ. ಬೆನ್ನಿನ ಚರ್ಮ ಅಂಗೈಯಗಲ ಕಿತ್ತು ಬಂದಿತ್ತು. ಆದರೆ ನಾಯಿ ಮಾಡಿದ್ದು ಅರ್ಧ ಗಾಯ. ಉಳಿದರ್ಧ ಜೊತೆಯ ಕೋಳಿಗಳದೇ ಕೆಲಸ! ರಕ್ತ ಕಂಡ ಕಡೆ ಕುಕ್ಕೋದು ಅವುಗಳ ಸ್ವಭಾವ. ಗಾಯವಾದದ್ದನ್ನು ತಕ್ಷಣ ಬೇರೆ ಇಡದಿದ್ದರೆ ಅದರ ಕತೆ ಮುಗೀತು.

"ಅದ್ಕ್ಯಾಕ ಇಷ್ಟು ಪಡಿಪಾಟ್ಲು ಕೂಸು? ಕುಯ್ದು ಸಾರು ಮಾಡ್ಬುಡಿ ಅತ್ಲಾಗ" ಅಂದ್ರು ದೊಡ್ಡಪ್ಪ.

ನಾನು ಪೇಟೆಗೆ ಓಡಿದೆ. ಒಂದು ಅಂಗಡಿಯಲ್ಲಿ ಏನೂ ಕೇಳದೆ ಆ್ಯಂಟಿಬಯೋಟಿಕ್ ಪುಡಿ ಕೊಟ್ಟರು. "ಎಲ್ಲಾ ಕೋಳಿಗೂ ನೀರಲ್ಲಿ ಹಾಕಿ ಸಾರ್, ಯಾವ ರೋಗಾನೂ ಬರಲ್ಲ." ನಾನೂ ತಲೆಯಾಡಿಸಿ ತಂದೆ. ಮನೆಗೆ ಬಂದು ಗೂಡಿನ ಬಾಗಿಲು ತೆಗೆದೆ ನೋಡಿ... ಕಣ್ಣು ಉರಿದು ನೀರು ಬಂತು. ಎರಡು ಬೆರಳು ದಪ್ಪ ಹಿಕ್ಕೆ ಹೆಪ್ಪುಗಟ್ಟಿತ್ತು. ಅವ್ವನಿಗೆ ಮಂಡಿ ನೋವು, ಎರಡು ತಿಂಗಳಿಂದ ಬಗ್ಗಿ ಗುಡಿಸೋಕೆ ಆಗಿರಲಿಲ್ಲ. ಮನೆಯ ಗಂಡಸರು ಯಾರೂ ಪೊರಕೆ ಮುಟ್ಟಿರಲಿಲ್ಲ.

ಆ ಇಪ್ಪತ್ತು ಕೋಳಿಗೆ ದುಡ್ಡು ಕಳಿಸಿದ್ದು ನಾನು. ಆಫೀಸಿನ ಕ್ಯಾಂಟೀನಿನಲ್ಲಿ "ನಾಟಿ ಕೋಳಿ ಕಣ್ರೀ, ತಾನೇ ಬೆಳೆಯುತ್ತೆ" ಅಂತ ಜಂಬ ಕೊಚ್ಚಿದ್ದೂ ನಾನೇ. ತಾನೇ ಬೆಳೆಯೋದಲ್ಲ ಸ್ವಾಮಿ, ಅದರ ಹಿಂದೆ ಅವ್ವ ಪೊರಕೆ ಹಿಡಿದು ನಿಂತಿರ್ತಾಳೆ. ಅವಳ ಕೂಲಿ ನಮ್ಮ ಲೆಕ್ಕದಲ್ಲಿ ಇಲ್ಲ ಅಷ್ಟೇ.

"ತಾತನ ಕಾಲದಲ್ಲಿ ಯಾರು ಗೂಡು ತೊಳೀತಿದ್ರು?" ಅಂತ ಕೇಳೋರಿದ್ದಾರೆ. ತಾತನ ಹತ್ತಿರ ನಾಲ್ಕು ಕೋಳಿ ಇತ್ತು, ರಾತ್ರಿ ಮಂಕರಿ ಮುಚ್ಚಿದರೆ ಆಯ್ತು. ಬೆಳಗಾದರೆ ಅಜ್ಜಿ ಆ ಜಾಗ ಗುಡಿಸಿ ತಿಪ್ಪೆಗೆ ಹಾಕ್ತಿದ್ದಳು. ತಗಡಿನ ಒಂದೇ ಗೂಡಿಗೆ ಇಪ್ಪತ್ತು ತುಂಬಿರೋದು ನಾವು.

ಆ ಉರಿ ಅಮೋನಿಯಾದ್ದು. ಒದ್ದೆ ಹಿಕ್ಕೆಯಿಂದ ಏಳುತ್ತೆ, ಕೋಳಿಯ ಕಣ್ಣು, ಶ್ವಾಸನಾಳ ಎರಡನ್ನೂ ಕೆಡಿಸುತ್ತೆ. ರಕ್ತಭೇದಿ ತರುವ ಕಾಕ್ಸಿಡಿಯಾ ಬಲಿಯೋದು ಅದೇ ತೇವದಲ್ಲಿ. ಇನ್ನು ಕೊಕ್ಕರೆ ರೋಗ ವೈರಸ್ಸಿಂದ ಬರೋದು. ಅದಕ್ಕೆ ಬೇಕಿರೋದು ಮೊದಲೇ ಹಾಕಿಸೋ ಲಸಿಕೆ, ಆ್ಯಂಟಿಬಯೋಟಿಕ್ ಪುಡಿ ಕೊಟ್ಟರೆ ನಯಾಪೈಸೆ ಉಪಯೋಗ ಇಲ್ಲ. ಆ ಪುಡಿ ಪೊರಕೆ ಹಿಡಿಯೋಕೆ ಸೋಮಾರಿಯಾದ ನಮ್ಮಂಥೋರಿಗೆ ಸಿಕ್ಕ ನೆಪ. ಇದೇ ನೆಪ ದೊಡ್ಡದಾಗಿ ಬೆಳೆದದ್ದಕ್ಕೇ 2019ರಲ್ಲಿ ಕೇಂದ್ರ ಸರ್ಕಾರ ಕೋಳಿ, ದನಗಳಿಗೆ ಕೊಲಿಸ್ಟಿನ್ ಕೊಡೋದನ್ನು ನಿಷೇಧಿಸಬೇಕಾಯ್ತು. ಬೇರೆ ಯಾವ ಔಷಧಿಯೂ ನಾಟದಾಗ ಮನುಷ್ಯರಿಗೆ ಕೊಡುವ ಕೊನೆಯ ಮದ್ದುಗಳಲ್ಲಿ ಅದೂ ಒಂದು!

ಪುಡಿಯನ್ನು ಕಟ್ಟಿಟ್ಟೆ. ಮೂಗಿಗೆ ಟವೆಲ್ ಸುತ್ತಿ ಗೂಡು ಕೆರೆದೆ. ಮೂರು ಗಂಟೆ, ಏಳು ಮಂಕರಿ ಹಿಕ್ಕೆ. ಬಿಸಿಲಿಗೆ ಒಣಗಿಸಿ, ಸುಣ್ಣ ಬಳಿದು, ಒಣ ಹೊಟ್ಟು ಹರಡಿದೆ. ಗಾಯವನ್ನು ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆದು, ಸುತ್ತಲಿನ ಪುಕ್ಕ ಕತ್ತರಿಸಿ, ಅಯೋಡಿನ್ ಹಚ್ಚಿ ಬೇರೆ ಮಂಕರಿಯಲ್ಲಿ ಇಟ್ಟೆವು. ನೊಣ ಕೂತರೆ ಹುಳ ಬೀಳುತ್ತೆ, ಅದಕ್ಕೆ ಮೇಲೆ ತೆಳು ಬಟ್ಟೆ. ಗೋಣಿ ದಿನಾ ಬದಲಿಸಬೇಕು. ಮಾರನೇ ದಿನ ಪಶು ವೈದ್ಯರಿಗೂ ತೋರಿಸಿದೆ.

"ಐನೂರು ರೂಪಾಯಿ ಕೋಳಿಗೆ ಇಷ್ಟೊಂದಾ?" ಅಂತ ಗೆಳೆಯ ನಕ್ಕ. ಕುಯ್ದು ತಿನ್ನೋದು ತಪ್ಪು ಅಂತ ನಾನು ಹೇಳ್ತಿಲ್ಲ ಮಾರಾಯ್ರೇ, ನಾನೂ ತಿನ್ನೋನೇ. ಆದರೆ ಇರೋವರೆಗೂ ಅದು ನಮ್ಮ ಹೊಣೆ.

ನಿನ್ನೆ ಅವ್ವ ಫೋನ್ ಮಾಡಿದ್ದಳು. ಹೇಂಟೆ ರಾಗಿ ಅಂಬಲಿ ಕುಡೀತಿದೆಯಂತೆ, ಗಾಯ ಕಪ್ಪಗೆ ಒಣಗಿದೆಯಂತೆ. ಚರ್ಮ ಪೂರ್ತಿ ಮುಚ್ಚೋವರೆಗೂ ಗುಂಪಿಗೆ ಬಿಡಬೇಡ ಅಂದೆ. "ಗೂಡು ಯಾರು ಗುಡಿಸ್ತಾವ್ರೆ?" ಅಂತ ಕೇಳಿದೆ. ದೊಡ್ಡಪ್ಪ ಅಂತೆ!

ಇನ್ಮೇಲೆ ಯಾರಾದ್ರೂ ನಿಮ್ಮ ಮುಂದೆ ನಾಟಿ ಕೋಳಿ ಜಂಬ ಕೊಚ್ಚಿದರೆ ಒಂದೇ ಪ್ರಶ್ನೆ ಕೇಳಿ. ಗೂಡು ಗುಡಿಸೋರು ಯಾರು ಸ್ವಾಮಿ?