ಏರಿ ಇಳಿಯುವ ಸಂಖ್ಯೆ

ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ. ಶ. ಒಂಬತ್ತನೆಯ ಶತಮಾನದಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಎಂ. ರಂಗಾಚಾರ್ಯರು ೧೯೧೨ರಲ್ಲಿ ಅದನ್ನು ಮದರಾಸಿನಲ್ಲಿ ಆಂಗ್ಲಾನುವಾದಸಹಿತ ಪ್ರಕಟಿಸಿದರು. ಆ ಗ್ರಂಥದಲ್ಲಿ ಒಂದು ಮಹಾಸಂಖ್ಯೆಯ ವರ್ಣನೆಯಿದೆ: ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವಂಥದು. ಬರೆದರೆ ೧೨೩೪೫೬೫೪೩೨೧. ಓದಿದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಕಾವ್ಯಾಭ್ಯಾಸಿಗಳು ಇದನ್ನು ಕಂಡೊಡನೆ ಚಿತ್ರಕವಿತೆಯ ಗತಪ್ರತ್ಯಾಗತವನ್ನು ನೆನೆಯುವರು. ಎಡದಿಂದ ಓದಿದರೂ ಬಲದಿಂದ ಓದಿದರೂ ಸಂಖ್ಯೆ ಒಂದೇ. ಆದರೆ ಗಣಿತದಲ್ಲಿ ಚಮತ್ಕಾರಕ್ಕೂ ಕಾರಣವುಂಟು. ಈ ಸಂಖ್ಯೆ ೧೧೧೧೧೧ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ಅಂಚಿನ ಸ್ಥಾನದಲ್ಲಿ ಒಂದೇ ಒಂದು, ನಡುವಿನಲ್ಲಿ ಆರು. ಏರಿಳಿತದ ಗುಟ್ಟು ಇಷ್ಟೇ. ಇನ್ನು ೧೧೧೧೧೧ ಎಂಬುದು ೩, ೭, ೧೧, ೧೩, ೩೭ ಇವುಗಳ ಗುಣಲಬ್ಧ. ಆದುದರಿಂದ ಅದರ ವರ್ಗದಲ್ಲಿ ಇವು ಎರಡೆರಡು ಬಾರಿ ಅಡಗಿವೆ. ೩ ಮತ್ತು ೭ರ ಗುಣಲಬ್ಧವಾದ ೨೧ರ ವರ್ಗ ೪೪೧. ಅದರಿಂದ ಭಾಗಿಸಿದರೆ ಶೇಷವುಳಿಯದೆ ೨೭೯೯೪೬೮೧ ಬರುತ್ತದೆ. ಅದು ೫೨೯೧ರ ವರ್ಗ.

ಒಂದುಗಳನ್ನು ಹೆಚ್ಚಿಸುತ್ತ ಹೋದರೆ ಒಂಬತ್ತರವರೆಗೂ ಈ ಸೊಬಗು ಕೆಡದು. ೧೧೧೧೧೧೧೧೧ರ ವರ್ಗ ೧೨೩೪೫೬೭೮೯೮೭೬೫೪೩೨೧. ಹತ್ತು ಒಂದುಗಳಾದೊಡನೆ ನಡುವಿನ ಸ್ಥಾನದಲ್ಲಿ ಹತ್ತು ಕೂಡಿ, ದಶಕ ಎಡಕ್ಕೆ ಸಾಗಿ, ಉತ್ತರವು ೧೨೩೪೫೬೭೯೦೦೯೮೭೬೫೪೩೨೧ ಆಗುತ್ತದೆ. ಮಾಲೆ ಹರಿಯಿತು! ಒಂಬತ್ತು ಬಾರಿ ನಿಜವಾದುದು ಹತ್ತನೆಯ ಬಾರಿ ಸುಳ್ಳಾಯಿತು. ಕಾರಣವನ್ನು ಅರಿತವನಿಗೆ ಇದು ಮೊದಲೇ ಗೊತ್ತು. ಮಾದರಿಯನ್ನು ಮಾತ್ರ ನಂಬಿದವನು ಮೋಸಹೋಗುತ್ತಾನೆ.

ಅಧ್ಯಾಪಕರು ಗಮನಿಸಬೇಕಾದ ಸ್ಥಳವಿದು. ಸೂತ್ರವನ್ನು ಉರುಹೊಡೆಸಿ ಪರೀಕ್ಷೆಗೆ ಕಳುಹಿಸುವುದು ಒಂದು ಅತಿ. ವಿಸ್ಮಯ ತೋರಿಸಿ ಚಪ್ಪಾಳೆ ತಟ್ಟಿಸುವುದು ಇನ್ನೊಂದು. ಇಂದು ಅಂಗೈಯ ದೂರವಾಣಿಯೇ ಕ್ಷಣದಲ್ಲಿ ವರ್ಗವನ್ನು ಹೇಳಿಬಿಡುತ್ತದೆ. ಉತ್ತರ ಅಗ್ಗವಾದ ಕಾಲದಲ್ಲಿ 'ಏಕೆ?' ಎಂಬ ಪ್ರಶ್ನೆಯ ಬೆಲೆ ಹೆಚ್ಚಬೇಕು. ಪಠ್ಯಕ್ರಮ ಮುಗಿಯಬೇಕಾಗಿರುವಾಗ ಇಂಥದಕ್ಕೆ ಅವಕಾಶವೆಲ್ಲಿ ಎಂಬ ಆಕ್ಷೇಪ ನಿರಾಧಾರವಲ್ಲ. ಆದರೂ ಮಗುವೊಂದು ತಾನೇ ಹತ್ತನೆಯ ಸಾಲನ್ನು ಬರೆದು, ಮಾಲೆ ಹರಿದುದನ್ನು ಕಣ್ಣಾರೆ ಕಂಡು, ಕಾರಣವನ್ನು ತನ್ನ ಕನ್ನಡದಲ್ಲಿ ಹೇಳಿದರೆ, ಆ ಅವಧಿ ಎಷ್ಟೋ ಪಾಠಗಳಿಗೆ ಸಮ. ಆ ಹೊತ್ತಿನಲ್ಲಿ ಗಣಿತದ ಉಪಾಧ್ಯಾಯರಿಗೂ ಭಾಷೆಯ ಉಪಾಧ್ಯಾಯರಿಗೂ ಕೆಲಸ ಒಂದೇ.

ವಿದ್ಯಾಲಯಕ್ಕೆ ಕಟ್ಟಡವನ್ನೂ ಉಪಕರಣವನ್ನೂ ಒದಗಿಸುವ ದಾನಿಗಳ ಔದಾರ್ಯ ಸ್ತುತ್ಯವೇ. ಈ ಪಾಠಕ್ಕಾದರೋ ಒಂದು ಹಲಗೆ, ಒಂದು ಬಳಪ, ಅವಸರಪಡದ ಒಬ್ಬ ಗುರು ಸಾಕು. ಮೊದಲೆರಡು ಸುಲಭವಾಗಿ ದೊರೆಯುತ್ತವೆ. ಮೂರನೆಯದನ್ನು ಉಳಿಸಿಕೊಳ್ಳುವುದೇ ವಿದ್ಯಾಸಂಸ್ಥೆಯ ನಿಜವಾದ ಹೊಣೆ.